ಒಗರು

ಸೆಕೊಂಡೊ ಲೋಟವನ್ನು ಬಲ್ಬಿನ ಬೆಳಕಿಗೆ ಎತ್ತಿ ಹಿಡಿದು ನೋಡಿದ. ಎರಡು ಸುತ್ತು ತಿರುಗಿಸಿದ. ಮೂಗಿನ ಹತ್ತಿರ ಒಯ್ದು ಕಣ್ಣು ಮುಚ್ಚಿದ. ಒಂದು ಗುಟುಕನ್ನು ಬಾಯಿಗೆ ಸುರಿದುಕೊಂಡು, ಗಟ್ಟಿ ರೊಟ್ಟಿ ಅಗಿಯುವವನ ಹಾಗೆ ದವಡೆಯಾಡಿಸಿ, ನೆಲದ ಕಾಲುವೆಗೆ ಉಗಿದ.

"ಆಗಿಲ್ಲ," ಎಂದ. "ಇನ್ನೊಂದು ವರ್ಷ ಇರಲಿ."

ಓರ್ನೆಲ್ಲಾ ವೈನು ಎತ್ತುವ ಗಾಜಿನ ಕೊಳವೆ ಹಿಡಿದು ನಿಂತಿದ್ದಳು. ಮಾವ 'ಆಗಿಲ್ಲ' ಎನ್ನುತ್ತಾನೆಂದು ಅವಳಿಗೆ ಗೊತ್ತೇ ಇತ್ತು. ಹೋದ ವರ್ಷವೂ ಅದೇ ಮಾತು, ಅದರ ಹಿಂದಿನ ವರ್ಷವೂ ಅದೇ ಮಾತು. ನಾಲ್ಕನೇ ಪೀಪಾಯಿಯ ಆ ಬರೋಲೊ ವೈನು ಮರದೊಳಗೆ ಏಳನೇ ಬೇಸಿಗೆ ಕಳೆಯುತ್ತಿತ್ತು. ಆ ಮನೆಯ ಪದ್ಧತಿಯಲ್ಲಿ ಐದು ಬೇಸಿಗೆಗಿಂತ ಹೆಚ್ಚು ಯಾವ ವೈನೂ ಮರದಲ್ಲಿ ಕೂತದ್ದಿಲ್ಲ. ಅವಳು ಕೊಳವೆ ತೊಳೆಯಲೆಂದು ತಿರುಗಿದಾಗ, ಬೋರಲು ಹಾಕಿದ್ದ ಪೆಟ್ಟಿಗೆಯ ಮೇಲೆ ಕಣ್ಣು ಬಿತ್ತು. ನಾಲ್ಕನೇ ಪೀಪಾಯಿಯಿಂದ ಮಾವನಿಗೆಂದು ತೆಗೆದಿಟ್ಟಿದ್ದ ಲೋಟ ಅಲ್ಲೇ ಇತ್ತು, ಇಟ್ಟ ಹಾಗೇ ತುಂಬಿಕೊಂಡು.

ಮುದುಕ ಎತ್ತಿಕೊಂಡದ್ದು ಪಕ್ಕದಲ್ಲಿದ್ದ ಇನ್ನೊಂದು ಲೋಟವನ್ನು. ಅದು ಬಾಗಿಲ ಬಳಿಯ ಸಣ್ಣ ಪೀಪಾಯಿಯದು. ಚಳಿಗಾಲದಲ್ಲಿ ಅದರ ಹಲಗೆಯೊಂದು ಕೊಳೆತು ಒಳಗಿನ ವೈನಿಗೆಲ್ಲ ಬೂಷ್ಟಿನ ವಾಸನೆ ಹತ್ತಿತ್ತು. ಸಾರಾಯಿ ಬಟ್ಟಿಯವರಿಗೆ ಕಳಿಸುವುದೋ, ಮೋರಿಗೆ ಚೆಲ್ಲುವುದೋ ಎಂದು ನೋಡಲು ಅವಳು ಬೆಳಿಗ್ಗೆ ಒಂದಿಷ್ಟು ತೆಗೆದಿದ್ದಳು. ಮೂಗಿನ ಹತ್ತಿರ ತರುವುದೇ ಬೇಡ, ಒಂದು ಮಾರು ದೂರದಿಂದಲೇ ಒದ್ದೆ ಗೋಣಿಚೀಲದ ನಾತ ಬಡಿಯುತ್ತಿತ್ತು.

"ಏನು ಹಾಗೆ ನೋಡ್ತಾ ನಿಂತೆ?"

"ಏನಿಲ್ಲ ಮಾವ."

"ನದಿಯಾಚೆಯವರಿಗೆ ತಾಳ್ಮೆ ಇಲ್ಲ. ಪೀಚ್ ಹಣ್ಣು ಬೆಳೆದವರು ನೀವು. ಇವತ್ತು ಕೀಳು, ನಾಳೆ ತಿನ್ನು, ನಾಡಿದ್ದು ಕೊಳೆಯುತ್ತೆ. ನಮ್ಮ ನೆಬ್ಬಿಯೋಲೊ ದ್ರಾಕ್ಷಿ ಹಂಗಲ್ಲ."

ಮೂವತ್ತೊಂದು ವರ್ಷದಿಂದ ಅವನು ಹೇಳುತ್ತಿದ್ದ ಮಾತು ಇದು. ತಾನರೊ ನದಿಯ ಆಚೆ ದಡದ ಊರಿನಿಂದ ಅವಳು ಮದುವೆಯಾಗಿ ಬಂದಿದ್ದಳು. ಕಾರಿನಲ್ಲಿ ಇಪ್ಪತ್ತು ನಿಮಿಷದ ದಾರಿ. ಸೆಕೊಂಡೊ ಲೋಟವನ್ನು ಪೆಟ್ಟಿಗೆಯ ಮೇಲಿಟ್ಟು, ಕೋಲೂರಿಕೊಂಡು, ಎಂಬತ್ತೇಳು ವರ್ಷದ ಮೊಣಕಾಲನ್ನು ಶಪಿಸುತ್ತ, ನೆಲಮಾಳಿಗೆಯ ಮೆಟ್ಟಿಲು ಹತ್ತಿ ಹೋದ.

ಅವಳು ಪೆಟ್ಟಿಗೆಯ ಮೇಲಿದ್ದ ಎರಡೂ ಲೋಟಗಳನ್ನು ಒಂದಾದ ಮೇಲೊಂದು ಮೂಸಿದಳು. ತಾನೇ ತಪ್ಪಿದೆನೇನೋ ಎಂದು ಮತ್ತೊಮ್ಮೆ ಮೂಸಿದಳು. ತಪ್ಪಿರಲಿಲ್ಲ.

ಮಾರನೇ ದಿನ ಇನ್ನೊಂದು ನಡೆಯಿತು. ಅವಳು ಒಲೆಯ ಮೇಲೆ ಹಾಲಿಟ್ಟು, ಕೋಳಿಗಳಿಗೆ ನೀರು ಹಾಕಲು ಹೋದವಳು ಮರೆತೇಬಿಟ್ಟಳು. ಅಂಗಳದ ತುದಿಯಿಂದಲೇ ಸೀದ ವಾಸನೆ ಹೊಡೆದು ಓಡಿ ಬಂದರೆ, ಅಡುಗೆಮನೆ ತುಂಬ ಹೊಗೆ. ಹಾಲಿನ ಪಾತ್ರೆ ಕರಿ ಹೆಂಚಾಗಿತ್ತು. ಸೆಕೊಂಡೊ ಒಲೆಗೆ ಬೆನ್ನು ಹಾಕಿ, ಭೂತಗನ್ನಡಿ ಹಿಡಿದು, ಪೇಪರಿನಲ್ಲಿ ಸತ್ತವರ ಹೆಸರು ಓದುತ್ತ ಕೂತಿದ್ದ. ಸೊಸೆ ಕಿಟಕಿ ತೆರೆದಾಗಷ್ಟೇ ಅವನು ತಲೆಯೆತ್ತಿದ. ಹೊಗೆ ಕಂಡ. ಒಂದು ಗಳಿಗೆ ಅವನ ಮುಖದಲ್ಲಿ ಏನೋ ಬಂದು ಹೋಯಿತು.

"ಅಡುಗೆ ಮನೇಲಿ ನಿಗಾ ಇರಬೇಕು," ಎಂದು ಪೇಪರು ಮಡಿಸಿ ಎದ್ದು ಹೋದ.

ಓರ್ನೆಲ್ಲಾ ಪಾತ್ರೆ ಉಜ್ಜುತ್ತ ಲೆಕ್ಕ ಹಾಕಿದಳು. ಎಲ್ಲರ ಮನೆಗೂ ಬಂದು ಹೋದ ಆ ಜ್ವರ ಇವರ ಮನೆಗೂ ಬಂದಿತ್ತು. ಮುದುಕ ಹದಿನೇಳು ದಿನ ಮಲಗಿದ್ದ. ಬದುಕಿದ್ದೇ ಹೆಚ್ಚು ಎಂದು ಊರೆಲ್ಲ ಹೇಳಿತ್ತು. ಎದ್ದ ಮೇಲೆ ಊಟ ಸೇರುತ್ತಿಲ್ಲ ಎಂದು ಗೊಣಗುತ್ತಿದ್ದ. ಸಾರಿಗೆ ಮೇಲೆ ಮೇಲೆ ಉಪ್ಪು ಹಾಕಿಕೊಳ್ಳುತ್ತಿದ್ದ. ಅಡುಗೆ ಸಪ್ಪೆಯಾಗಿದೆ ಎಂದು ಅವಳನ್ನೇ ದೂರುತ್ತಿದ್ದ. ಆ ಮೇಲಿನ ಬೇಸಿಗೆಯಿಂದಲೇ 'ಆಗಿಲ್ಲ' ಶುರುವಾದದ್ದು.

ಮೂರು ವರ್ಷ. ಪ್ರತಿ ವಾರ ಅವಳು ಏಣಿ ಹತ್ತಿ, ಮರ ಕುಡಿದಷ್ಟು ವೈನನ್ನು ಮತ್ತೆ ತುಂಬಿಸಿದ್ದಳು. ಬಲ ಭುಜ ಈಗ ತಲೆ ಬಾಚುವಷ್ಟೂ ಮೇಲೇಳುತ್ತಿರಲಿಲ್ಲ. ಸಾಲಿನ ಆರು ಪೀಪಾಯಿಗಳೂ ತುಂಬಿ ನಿಂತಿದ್ದರಿಂದ, ಹೋದ ವರ್ಷ ಹೊಸ ರಸ ಇಳಿಸಲು ಜಾಗವೇ ಇರಲಿಲ್ಲ. ತಮ್ಮ ಗುಡ್ಡದ ಅಷ್ಟೂ ದ್ರಾಕ್ಷಿಯನ್ನು ಬೇರೆಯವರ ಲಾರಿಗೆ ತುಂಬಿ ಕಳಿಸಿದ್ದರು. ಲಾರಿ ತಿರುವಿನಲ್ಲಿ ಮರೆಯಾಗುವ ತನಕ ಮುದುಕ ಕಿಟಕಿ ಬಿಟ್ಟು ಕದಲಿರಲಿಲ್ಲ. ಆಗ ಅವಳಿಗೆ ಅವನ ಮೇಲೆ ಕೋಪ ಬಂದಿತ್ತು. ಈಗ ಕೋಪಿಸಿಕೊಳ್ಳುವಷ್ಟೂ ತ್ರಾಣ ಉಳಿದಿರಲಿಲ್ಲ. ಪಾತ್ರೆ ಬೆಳ್ಳಗಾಗಲಿಲ್ಲ. ಅದನ್ನು ಹಾಗೇ ನೀರಿನಲ್ಲಿ ನೆನೆಹಾಕಿ ಬಿಟ್ಟಳು.

ಮಧ್ಯಾಹ್ನ ಮೂರಕ್ಕೆ ಲಿವಿಯೊ ಪಾಳಿ ಮುಗಿಸಿ ಬಂದ. ಅವಳ ಗಂಡ ಆಲ್ಬಾದ ಮಿಠಾಯಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬಟ್ಟೆ ಬದಲಿಸಿದರೂ ಮೈಯಿಂದ ಕೋಕೋ ಮತ್ತು ಹುರಿದ ಹೇಜಲ್ ಬೀಜದ ಘಮ ಹೋಗುತ್ತಿರಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚುತ್ತಿದ್ದಾಗ ಓರ್ನೆಲ್ಲಾ ಹತ್ತಿರ ಹೋಗಿ ನಿಂತಳು.

"ನಿಮ್ಮಪ್ಪನಿಗೆ ಮೂಗಿಲ್ಲ," ಎಂದಳು.

"ಹೃದಯ ಇಲ್ಲ ಅಂತ ನಮ್ಮಮ್ಮ ಹೇಳ್ತಿದ್ಲು. ಮೂಗು ಯಾವಾಗ ಹೋಯ್ತು?"

"ತಮಾಷೆ ಅಲ್ಲ ಕಣೋ. ನಿಜವಾಗ್ಲೂ ವಾಸನೆ ತಿಳೀತಿಲ್ಲ ಅವರಿಗೆ. ಬೂಷ್ಟು ಹಿಡಿದ ವೈನು ಕುಡಿದು 'ಆಗಿಲ್ಲ, ಇನ್ನೊಂದು ವರ್ಷ' ಅಂದ್ರು. ಆ ಜ್ವರದಲ್ಲೇ ಹೋಗಿರಬೇಕು."

ಲಿವಿಯೊ ಒಂದು ಬೂಟು ಕೈಯಲ್ಲಿ ಹಿಡಿದುಕೊಂಡೇ ಕೂತ. ಮೊದಲು ನಕ್ಕ. ಆಮೇಲೆ ನಗು ಅರ್ಧಕ್ಕೇ ನಿಂತಿತು.

"ಮೂರು ವರ್ಷದಿಂದ ಗೊತ್ತಿದ್ದೂ ಸುಮ್ನಿದಾನಾ ಹಂಗಾದ್ರೆ?"

"ಇನ್ನೇನು ಮಾಡ್ತಾರೆ? ಯಾರ ಹತ್ರ ಹೇಳ್ಕೋತಾರೆ? ನೀನು ಮಾತಾಡು. ಮಗ ನೀನು."

"ನಾನು ಒಂದ್ಸಲ ಮಾತಾಡಿದ್ದೆನಲ್ಲ."

ಅದು ಅವಳು ಈ ಮನೆಗೆ ಬರುವುದಕ್ಕೂ ಹಿಂದಿನ ಕತೆ. ಲಿವಿಯೊಗೆ ಆಗ ಇಪ್ಪತ್ತೆರಡು. ಪರ ಊರಿನಿಂದ ಗಿರಾಕಿಗಳು ಬಂದು ನೆಲಮಾಳಿಗೆಯಲ್ಲಿ ನಿಂತಿದ್ದಾಗ, ಅಪ್ಪನಿಗಿಂತ ಮೊದಲು ಅವನು ರುಚಿ ನೋಡಿ 'ಆಗಿದೆ' ಎಂದುಬಿಟ್ಟಿದ್ದ. ಸೆಕೊಂಡೊ ಕೈಯಲ್ಲಿದ್ದ ಲೋಟವನ್ನು ಗೋಡೆಗೆ ಒಗೆದಿದ್ದ. ಆಗಿದೆಯೋ ಇಲ್ಲವೋ ಹೇಳುವುದಕ್ಕೆ ಈ ಮನೆಯಲ್ಲಿ ಒಂದೇ ಬಾಯಿ ಎಂದಿದ್ದ. ಮರುವಾರ ಲಿವಿಯೊ ಕಾರ್ಖಾನೆ ಸೇರಿದ. ಅಲ್ಲಿಂದಾಚೆಗೆ ದ್ರಾಕ್ಷಿ ಕೊಯ್ಲಿನ ದಿನಗಳು ಬಿಟ್ಟರೆ ಅವನು ನೆಲಮಾಳಿಗೆಗೆ ಇಳಿದದ್ದು ಕಡಿಮೆ. ಅವನು ಬಿಟ್ಟು ಹೋದ ಕೆಲಸಕ್ಕೆ ಸೊಸೆ ಬಂದು ಸೇರಿಕೊಂಡಳು. ಯಾರೂ ಅವಳನ್ನು ಕೇಳಿರಲಿಲ್ಲ, ಅವಳೂ ಬೇಡವೆಂದಿರಲಿಲ್ಲ.

"ಹಂಗಾದ್ರೆ ನಾನೇ ಬಾಟಲಿಗೆ ಹಾಕಿಸ್ತೀನಿ," ಎಂದಳು.

ಲಿವಿಯೊ ತಲೆಯೆತ್ತಲಿಲ್ಲ. ಇನ್ನೊಂದು ಬೂಟಿನ ದಾರ ಬಿಡಿಸುತ್ತಲೇ ಹೇಳಿದ: "ಗುರುವಾರ ಅವನಿಗೆ ಕಣ್ಣಿನ ಆಸ್ಪತ್ರೇಲಿ ತೋರಿಸ್ಬೇಕಲ್ಲ. ನಾನೇ ರಜೆ ಹಾಕಿ ಕರ್ಕೊಂಡು ಹೋಗ್ತೀನಿ. ಆಮೇಲೆ ಊಟಕ್ಕೆ ಎಲ್ಲಾದ್ರೂ ಕೂರಿಸ್ತೀನಿ. ನಾಲ್ಕು ಗಂಟೆವರೆಗೆ ಮನೆ ಕಡೆ ತರಲ್ಲ."

"ಅಷ್ಟೇನಾ?"

"ನನ್ನ ಕೈಲಾಗೋದು ಅಷ್ಟೇ, ಓರ್ನೆಲ್ಲಾ."

ಆ ಸಂಜೆ ಅವಳು ಒಬ್ಬಳೇ ಕೆಳಗಿಳಿದು ನಾಲ್ಕನೇ ಪೀಪಾಯಿಯಿಂದ ಒಂದು ಲೋಟ ತೆಗೆದಳು. ಇಷ್ಟು ವರ್ಷ ಅವಳು ತೊಳೆದಿದ್ದಳು, ತುಂಬಿದ್ದಳು, ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಹರಿಸಿದ್ದಳು, ಸಾವಿರ ಸಲ ನಾಲಿಗೆಗೆ ಹಚ್ಚಿಕೊಂಡಿದ್ದಳು. ಆದರೆ ತೀರ್ಪು ಹೇಳುವುದಕ್ಕೆಂದು ಒಮ್ಮೆಯೂ ಕುಡಿದಿರಲಿಲ್ಲ. ಅಂಗೈಯಲ್ಲಿ ಲೋಟವನ್ನು ಬೆಚ್ಚಗಾಗಿಸಿ ಕಾದಳು. ಒಣಗಿದ ಗುಲಾಬಿ ಬಂತು. ಬಿಸಿಲಿಗೆ ಕಾದ ಡಾಂಬರು ಬಂತು. ಕಿತ್ತಳೆ ಸಿಪ್ಪೆ, ಕಷಾಯದ ಬೇರು. ನಾಲಿಗೆಯ ಮೇಲೆ ಮೊದಲರ್ಧ ಚೆನ್ನಾಗಿ ನಿಂತಿತು. ಆಮೇಲೆ, ಮೈದುಂಬಬೇಕಾದ ಜಾಗದಲ್ಲಿ, ಮೆಟ್ಟಿಲು ಇದೆಯೆಂದು ಕಾಲಿಟ್ಟಾಗ ಇಲ್ಲದ ಹಾಗೆ ಒಂದು ಖಾಲಿ. ಅದರ ಹಿಂದೆ ಒಗರು ಮಾತ್ರ. ಹಣ್ಣು ಹೋಗತೊಡಗಿತ್ತು. ಮರ ಕೊಡುವುದನ್ನು ಕೊಟ್ಟು ಮುಗಿಸಿ, ಈಗ ತೆಗೆದುಕೊಳ್ಳತೊಡಗಿತ್ತು.

ಅವಳು ಮೇಲೆ ಹೋಗಿ ಎಜಿಡಿಯೊಗೆ ಫೋನು ಮಾಡಿದಳು. ಬಾಟಲಿ ತುಂಬುವ ಯಂತ್ರವನ್ನು ಲಾರಿಯ ಮೇಲೇ ಕೂರಿಸಿಕೊಂಡು ಆ ಸುತ್ತಿನ ವೈನು ಮಾಡುವ ಸಣ್ಣ ಮನೆಗಳಿಗೆಲ್ಲ ಹೋಗಿ ಬರುವವನು ಅವನು. "ಮುದುಕ ಕೊನೆಗೂ ಒಪ್ಪಿದನಾ?" ಎಂದು ಕೇಳಿದ. "ಗುರುವಾರ ಏಳಕ್ಕೆ ಬಾ," ಎಂದಷ್ಟೇ ಹೇಳಿ ಫೋನಿಟ್ಟಳು.

ಗುರುವಾರ ಎಲ್ಲ ಸರಿಯಾಗೇ ನಡೆಯಿತು. ಹತ್ತೂವರೆಯ ತನಕ. ಪೀಪಾಯಿಯಿಂದ ಮೆಟ್ಟಿಲ ಮೇಲೆ ಹಾಯ್ದು ಲಾರಿಗೆ ದಪ್ಪ ಪೈಪು ಎಳೆದಿದ್ದರು. ಬಾಟಲಿಗಳು ಸಾಲಾಗಿ ಕುಲುಕುತ್ತ ಬಂದು, ತುಂಬಿಕೊಂಡು, ಬಿರಡೆ ಹೊಡೆಸಿಕೊಂಡು ಈಚೆ ಬರುತ್ತಿದ್ದವು. ಓರ್ನೆಲ್ಲಾ ಅವನ್ನು ಎರಡೆರಡಾಗಿ ಎತ್ತಿ ಕಬ್ಬಿಣದ ಗೂಡುಗಳಲ್ಲಿ ಮಲಗಿಸುತ್ತಿದ್ದಳು. ಸದ್ದಿನಲ್ಲಿ ಕಾರು ಬಂದದ್ದು ಅವಳಿಗೆ ಕೇಳಲಿಲ್ಲ. ತಿರುಗಿ ನೋಡಿದಾಗ ಸೆಕೊಂಡೊ ಅಂಗಳದ ನಡುವೆ, ಒಳ್ಳೆಯ ಕೋಟು ಹಾಕಿಕೊಂಡು ನಿಂತಿದ್ದ. ಹಿಂದೆ ಕಾರಿನ ಬಾಗಿಲು ಹಿಡಿದುಕೊಂಡು ಲಿವಿಯೊ, 'ಡಾಕ್ಟರು ರಜೆ' ಎನ್ನುವಂತೆ ಅವಳ ಕಡೆ ಕೈಯಾಡಿಸಿದ.

ಮುದುಕ ಕೋಲೆತ್ತಿ ಲಾರಿಯ ಪಕ್ಕಕ್ಕೆ ಬಡಿದ. "ನಿಲ್ಸೋ!"

ಎಜಿಡಿಯೊ ಯಂತ್ರ ನಿಲ್ಲಿಸಿದ. ಕೊನೆಯ ಬಾಟಲಿ ಅರ್ಧ ತುಂಬಿ ನಿಂತಿತು.

"ಯಾರು ಹೇಳಿದ್ದು ಆಗಿದೆ ಅಂತ?"

"ನಾನು ಹೇಳ್ದೆ," ಎಂದಳು ಓರ್ನೆಲ್ಲಾ.

"ನೀನು! ನೀನು ಯಾರೇ ಹೇಳೋಕೆ? ನಮ್ಮಜ್ಜ ಹೇಳ್ತಿದ್ದ, ನಮ್ಮಪ್ಪ ಹೇಳ್ತಿದ್ದ. ನಿಂಗೇನು ಗೊತ್ತು? ಮೊನ್ನೆ ನೋಡಿದೀನಿ ನಾನು, ಬರೀ ಒಗರು ಅದು. ಬಾಯಿ ಹಿಂಡುತ್ತೆ. ಇನ್ನೂ ಎಳೇ ವೈನು."

ಅವಳು ಕೈಯಲ್ಲಿದ್ದ ಎರಡು ಬಾಟಲಿಗಳನ್ನು ಗೂಡಿನಲ್ಲಿ ಮಲಗಿಸಿದಳು. ಹೇಳಬೇಕೆಂದು ಮೂರು ವರ್ಷದಿಂದ, ಮೂವತ್ತು ವರ್ಷದಿಂದ ಕೂಡಿಟ್ಟದ್ದು ಬಹಳ ಇತ್ತು. ಬಾಯಿ ತೆರೆದಾಗ ಯಾವುದೂ ಬೇಕೆನಿಸಲಿಲ್ಲ. ಮಾವನ ಹತ್ತಿರ ಹೋಗಿ, ಎಜಿಡಿಯೊಗೆ ಕೇಳದಷ್ಟು ಮೆಲ್ಲಗೆ ಹೇಳಿದಳು:

"ಮಾವ, ಮೊನ್ನೆ ನೀವು ತಗೊಂಡಿದ್ದು ನಾಲ್ಕನೇ ಪೀಪಾಯಿದಲ್ಲ. ಬಾಗಿಲ ಹತ್ರ ಇದೆಯಲ್ಲ, ಕೊಳೆತು ಹೋಗಿರೋದು. ಅದರ ಲೋಟ."

ಸೆಕೊಂಡೊ ಅವಳ ಮುಖವನ್ನೇ ನೋಡಿದ. ಅವನ ಬಾಯಿ ಸ್ವಲ್ಪ ತೆರೆದುಕೊಂಡಿತು. ಎಜಿಡಿಯೊ ತನಗೆ ಸಂಬಂಧವಿಲ್ಲವೆನ್ನುವಂತೆ ಬಿರಡೆಗಳ ಚೀಲ ಬಿಚ್ಚುತ್ತಿದ್ದ.

"ಯಾರಿಗೆ ಹೇಳಿದೀಯ?" ಎಂದು ಕೇಳಿದ ಮುದುಕ. ಅವನ ದನಿಯೂ ಈಗ ತಗ್ಗಿತ್ತು.

"ಲಿವಿಯೊಗೆ."

"ಇವನಿಗೆ?" ಎಂದು ಎಜಿಡಿಯೊ ಕಡೆ ಕಣ್ಣು ಹಾಯಿಸಿದ.

"ಇಲ್ಲ."

ಸೆಕೊಂಡೊ ನೆಲಮಾಳಿಗೆಯ ಕಡೆ ನಡೆದ. ಓರ್ನೆಲ್ಲಾ ಹಿಂದೆಯೇ ಇಳಿದಳು. ಕೆಳಗೆ ತಂಪಿತ್ತು. ಅವನು ನಾಲ್ಕನೇ ಪೀಪಾಯಿಯ ಮುಂದೆ ಮರದ ದಿಮ್ಮಿಯ ಮೇಲೆ ಕೂತು, ಒಳ್ಳೆಯ ಕೋಟಿನ ಗುಂಡಿ ಬಿಚ್ಚಿಕೊಂಡ.

"ಜ್ವರ ಬಿಟ್ಟ ದಿನ ನೀನು ಕಾಫಿ ತಂದ್ಕೊಟ್ಟೆ," ಎಂದ. "ಬಿಸಿನೀರು ಕೊಟ್ಟಿದಾಳೆ ಅಂದ್ಕೊಂಡೆ. ಬರುತ್ತೆ ಬರುತ್ತೆ ಅಂತ ಕಾದೆ. ಹೊಸ ರಸ ಕುದಿಯೋ ಕಾಲದಲ್ಲಿ ಇಲ್ಲಿ ಬಂದು ಕೂತ್ಕೋತಿದ್ದೆ, ಯಾರೂ ಇಲ್ದಾಗ. ಏನೂ ಇಲ್ಲ. ಗೋಡೆ ಮುಂದೆ ಕೂತಂಗೆ." ಸ್ವಲ್ಪ ತಡೆದು ಮತ್ತೆ ಹೇಳಿದ: "ನಾಲಿಗೆಗೆ ಒಗರು ಒಂದು ತಿಳಿಯುತ್ತೆ. ಹುಳಿ ತಿಳಿಯುತ್ತೆ. ಆಗಿದೆ ಅಂತ ಹೆಂಗೆ ಹೇಳ್ಲಿ? ಬರೀ ಒಗರಿಗೆ ಆಗಿದೆ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಓರ್ನೆಲ್ಲಾಳೂ ದಿಮ್ಮಿಯ ಇನ್ನೊಂದು ತುದಿಯಲ್ಲಿ ಕೂತಳು.

"ಒಂದು ಲೋಟ ಹಿಡಿ," ಎಂದ.

ಅವಳು ಹಿಡಿದು ತಂದಳು. ಅವನು ತೆಗೆದುಕೊಳ್ಳದೆ, ಅವಳ ಕಡೆಗೇ ಗದ್ದ ತೋರಿಸಿದ.

"ನೀನು ಕುಡಿ. ಹೇಳು, ಏನಿದೆ ಇದರಲ್ಲಿ?"

ಅವಳು ಹೇಳಿದಳು. ಗುಲಾಬಿ ಹೇಳಿದಳು, ಡಾಂಬರು ಹೇಳಿದಳು. ಅವನು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. "ಗುಲಾಬಿ ಅಂದ್ರೆ ಯಾವ ತರ? ಗಿಡದಲ್ಲಿರೋದಾ, ಹೂದಾನೀಲಿ ಬಾಡಿರೋದಾ?" ಎಂದು ಕೇಳಿದ. "ಗೋರಿ ಮೇಲೆ ಇಟ್ಟು ಹದಿನೈದು ದಿನ ಆಗಿರೋದು," ಎಂದಳು. ಅವನು ತಲೆಯಾಡಿಸಿದ.

"ಆಮೇಲೆ?"

ಅವಳು ತಡೆದಳು. ಎಂಬತ್ತೇಳು ವರ್ಷದ ಮನುಷ್ಯ. ಚೆನ್ನಾಗಿದೆ ಎಂದು ಒಂದು ಮಾತು ಹೇಳಿದರೆ ನಂಬುತ್ತಿದ್ದ. ನಂಬದೆ ಅವನಿಗೆ ಬೇರೆ ದಾರಿಯೂ ಇರಲಿಲ್ಲ.

"ಆಮೇಲೆ ಏನೂ ಇಲ್ಲ ಮಾವ. ನಡುವೆ ಟೊಳ್ಳು. ಎರಡು ವರ್ಷ ತಡ ಆಯ್ತು."

ಸೆಕೊಂಡೊ ಕಣ್ಣು ತೆರೆಯಲಿಲ್ಲ.

"ಎರಡು ವರ್ಷ," ಎಂದ.

"ಹಾಳಾಗಿಲ್ಲ. ಹತ್ತು ಹನ್ನೆರಡು ವರ್ಷ ಬಾಳುತ್ತೆ. ಆದ್ರೆ ಮೂವತ್ತು ವರ್ಷ ಬಾಳೋ ವೈನಾಗಿತ್ತು ಅದು."

"ನಂಗೊತ್ತು, ಏನಾಗಿತ್ತು ಅಂತ. ಕೊಯ್ದಿದ್ದು ನಾನು." ಮೇಲೆ ಅಂಗಳದಲ್ಲಿ ಲಿವಿಯೊ, ಎಜಿಡಿಯೊ ಏನೋ ಕಾಲ್ಚೆಂಡಿನ ವಿಷಯ ಮಾತಾಡುತ್ತಿದ್ದರು. ಕೊನೆಗೆ ಮುದುಕ ಕೋಲೂರಿ ಎದ್ದು, ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದ:

"ಏನೋ ಎಜಿಡಿಯೊ, ನಿಂಗೆ ಊಟಕ್ಕೆ ತಟ್ಟೆ ಇಡ್ಬೇಕಾ? ಹಚ್ಚು ಮಿಷಿನ್ನು! ಆಗಿದೆ ಅಂತ ಅವಳು ಹೇಳ್ಲಿಲ್ವಾ?"

ಯಂತ್ರ ಮತ್ತೆ ಗುಡುಗಿತು. ಓರ್ನೆಲ್ಲಾಗೆ ಗೆದ್ದೆ ಅನಿಸಲಿಲ್ಲ. ಇನ್ನೂ ಎರಡು ಸಾವಿರ ಬಾಟಲಿ ಎತ್ತಿಡುವುದಿದೆ ಎನ್ನುವುದಷ್ಟೇ ಅನಿಸಿತು. ಮೇಲೆ ಬಂದಾಗ ಲಿವಿಯೊ ಅಂಗಿ ತೋಳು ಮಡಿಸಿಕೊಂಡು ಅವಳ ಜಾಗದಲ್ಲಿ ನಿಂತು ಬಾಟಲಿಗಳನ್ನು ಮಲಗಿಸುತ್ತಿದ್ದ. ತಂದೆ ಅವನನ್ನು ನೋಡಿದ. "ಕತ್ತು ಆ ಕಡೆಗೆ," ಎಂದು ಒಂದು ಬಾಟಲಿಯನ್ನು ಕೋಲಿನಿಂದ ತೋರಿಸಿದ. ಅದರ ಕತ್ತು ಸರಿಯಾಗೇ ಇತ್ತು. ಆದರೂ ಲಿವಿಯೊ ಅದನ್ನು ತೆಗೆದು ಮತ್ತೆ ಹಾಗೇ ಇಟ್ಟ.

ಮರುದಿನ ಬೆಳಿಗ್ಗೆ ಲಿವಿಯೊ ಎಂದಿನಂತೆ ಐದಕ್ಕೇ ಪಾಳಿಗೆ ಹೋದ. ಬರಿದಾದ ಪೀಪಾಯಿಯ ಒಳಗನ್ನು ಕೆರೆದು ತೊಳೆಯುವುದಿತ್ತು. ಅದರ ಮುಂಬದಿಯ ಕೆಳಭಾಗದಲ್ಲಿ ಒಂದು ಪುಟ್ಟ ಬಾಗಿಲು, ಮೊದಲು ಒಂದು ತೋಳು, ಆಮೇಲೆ ತಲೆ, ಆಮೇಲೆ ಇನ್ನೊಂದು ತೋಳು ತೂರಿಸಿ ಹಾವಿನ ಹಾಗೆ ನುಸುಳಬೇಕು. ಆ ಮನೆಯಲ್ಲಿ ಅದರೊಳಗೆ ಹಿಡಿಸುವ ಮೈ ಓರ್ನೆಲ್ಲಾಳದ್ದೊಂದೇ. ಒಳಗೆ ಹೋದವರನ್ನು ಹೊರಗಿನಿಂದ ಒಬ್ಬರು ಮಾತಾಡಿಸುತ್ತಲೇ ಇರಬೇಕು. ಫ್ಯಾನು ಇಟ್ಟು ಎಷ್ಟು ಗಾಳಿ ಹಾಯಿಸಿದರೂ ಖಾಲಿ ಪೀಪಾಯಿಯಲ್ಲಿ ಅಮಲಿನ ಆವಿ ಉಳಿದಿರುತ್ತದೆ. ಕೂತಲ್ಲೇ ತೂಕಡಿಸಿ ಏಳದೇ ಹೋದವರು ಆ ಸುತ್ತಿನ ಪ್ರತಿ ಊರಿನಲ್ಲೂ ಒಬ್ಬರಿದ್ದರು. ಈ ಕೆಲಸಕ್ಕೆ ಅವಳು ಯಾವಾಗಲೂ ಪಕ್ಕದ ಮನೆಯ ಪಿಯೆರಾಳನ್ನು ಕರೆಯುತ್ತಿದ್ದಳು. ಅಂದು ಹೋಗಿ ನೋಡಿದರೆ ಪಿಯೆರಾ ಸಂತೆಗೆ ಹೋಗಿದ್ದಳು. ವಾಪಸು ಬಂದಾಗ ಪೀಪಾಯಿಯ ಮುಂದೆ ಅಡುಗೆಮನೆಯ ಕುರ್ಚಿ ಹಾಕಿಕೊಂಡು ಸೆಕೊಂಡೊ ಕೂತಿದ್ದ.

"ಹೋಗು ಒಳಗೆ," ಎಂದ. "ಮಧ್ಯಾಹ್ನದವರೆಗೆ ಕೂರೋಕಾಗಲ್ಲ ನಂಗೆ."

ಅವಳು ನುಸುಳಿದಳು. ಒಳಗೆ ದೀಪ ತೂಗುಹಾಕಿದಾಗ ಸುತ್ತಲ ಹಲಗೆಗಳ ಮೇಲೆ ಏಳು ವರ್ಷದ ಗಸಿ ಕಟ್ಟಿದ ಹರಳು, ಕೆಂಪು ಕಲ್ಲುಸಕ್ಕರೆಯ ಹಾಗೆ ಹೊಳೆಯಿತು. ಮಂಡಿಯೂರಿ ಎಡಗೈಯಿಂದ ಕೆರೆಯತೊಡಗಿದಳು.

"ಇದೀಯಾ?" ಹೊರಗಿನಿಂದ ಕೇಳಿದ.

"ಇದೀನಿ ಮಾವ."

"ಎರಡನೇ ಪೀಪಾಯಿ ಹೆಂಗಿದೆ?"

"ಆಗಿದೆ. ಮುಂದಿನ ವಾರ ಎಜಿಡಿಯೊಗೆ ಹೇಳ್ತೀನಿ."

"ಐದನೇದು?"

"ಅದು ಇನ್ನೂ ಆಗಿಲ್ಲ. ಒಂದು ವರ್ಷ ಬೇಕು."

"ಹೂಂ," ಎಂದ. ಸ್ವಲ್ಪ ಹೊತ್ತಿಗೆ ಮತ್ತೆ, "ಇದೀಯಾ?"

"ಇದೀನಿ."

ಅವನಿಗೆ ಕೇಳಲು ಬೇರೇನೂ ಉಳಿಯಲಿಲ್ಲ. ಆದರೂ ಬಿಡಲಿಲ್ಲ. ಕೋಳಿ ಮೊಟ್ಟೆ ಇಟ್ಟವಾ ಎಂದ. ನಿಮ್ಮಕ್ಕನ ಪೀಚು ಈ ವರ್ಷ ಹೆಂಗೆ ಎಂದ. ಅವಳಿಗೆ ಅಕ್ಕ ಇದ್ದಾಳೆಂದು ಅವನಿಗೆ ನೆನಪಿದ್ದುದೇ ಅವಳಿಗೆ ಆಶ್ಚರ್ಯ. ಚೆನ್ನಾಗಿದೆ ಎಂದಳು. ಈಗ ಎಡ ಭುಜವೂ ಸಿಡಿಯುತ್ತಿತ್ತು. ಕೆರೆಯುವುದನ್ನು ನಿಲ್ಲಿಸಿ, ಒದ್ದೆ ಹಲಗೆಗೆ ಬೆನ್ನು ಕೊಟ್ಟು, ಒಂದು ನಿಮಿಷಕ್ಕೆಂದು ಕಣ್ಣು ಮುಚ್ಚಿದಳು. ಮರದ ದುಂಡು ಅವಳ ಬೆನ್ನಿಗೆ ಸರಿಯಾಗಿ ಕೂತಿತು.

"ಇದೀಯಾ?"

ಕೇಳಿಸಿತು. ಉತ್ತರ ಕೊಡಬೇಕು ಎಂದುಕೊಂಡಳು.

"ಓರ್ನೆಲ್ಲಾ!"

ಕುರ್ಚಿ ಕಿರ್ರೆಂದು ಹಿಂದೆ ಸರಿದ ಸದ್ದು. ಕೋಲು ಹಲಗೆಗೆ ಒಮ್ಮೆ ಬಡಿಯಿತು, ಮತ್ತೊಮ್ಮೆ ಬಡಿಯಿತು. ಆ ಬಡಿತ ಮರದಲ್ಲಿ ಹಾಯ್ದು ಅವಳ ಬೆನ್ನಿಗೆ, ತಲೆಗೆ ಬಂದು ಮುಟ್ಟಿತು. ಪುಟ್ಟ ಬಾಗಿಲಿನ ಬೆಳಕಿನಲ್ಲಿ ಮೊದಲು ಒಂದು ಸುಕ್ಕುಗಟ್ಟಿದ ಕೈ ನೆಲಕ್ಕೆ ಊರಿದ್ದು ಕಂಡಿತು, ಆಮೇಲೆ ಮೊಣಕಾಲು, ಆಮೇಲೆ ತಲೆಕೆಳಗಾಗಿ ಬಾಗಿದ, ಉಸಿರು ಸಿಕ್ಕಿಕೊಂಡ ಮುದುಕನ ಮುಖ.

"ಇದೀನಿ," ಎಂದಳು ಅವಳು.

ಆ ಮುಖ ಕೂಡಲೇ ಮೇಲೇಳಲಿಲ್ಲ. ಅವಳು ಕೆರೆಯುವ ಕತ್ತಿಯನ್ನು ಬಲಗೈಗೆ ಬದಲಿಸಿಕೊಂಡು, ಹರಳು ಉದುರಿ ಅವನ ಕಣ್ಣಿಗೆ ಬೀಳದ ಹಾಗೆ, ಆಚೆ ಬದಿಯಿಂದ ಮತ್ತೆ ಶುರುಮಾಡಿದಳು.